ಅಚ್ಚಿನ ಮೇಲೆ ನಿಂತವಳು

ಮೂರು ಗಾಲಿಯ ಗಾಡಿ ಬೀಳುವುದಾದರೂ ಹೇಗೆ ಎಂದು ಮಾದೇವಿಗೆ ಅರ್ಥವಾಗಲಿಲ್ಲ.

ಎರಡು ಗಾಲಿಯದು ಬೀಳುತ್ತದೆ, ಅದರ ಹುಟ್ಟುಗುಣವೇ ಅದು. ಆದರೆ ಮುಂದೊಂದು ಹಿಂದೆರಡು ಗಾಲಿಯಿದ್ದ ಈ ವಿಚಿತ್ರ ಸೈಕಲ್ಲು, ಕರ್ಕಿ ದಾರಿಯ ತಿರುವಿನಲ್ಲಿ ನಾಯಿ ಕಾಲೆತ್ತಿದ ಹಾಗೆ ಒಂದು ಹಿಂಗಾಲಿ ಎತ್ತಿ, ಕೊಯ್ಲು ಮುಗಿದ ಗದ್ದೆಗೆ ಉರುಳಿ ಅಂಗಾತ ಮಲಗಿತು. ಮೇಲಾದ ಗಾಲಿ ಇನ್ನೂ ತಿರುಗುತ್ತಲೇ ಇತ್ತು. ಅದರ ಪಕ್ಕ, ಕೂಳೆಗಳ ನಡುವೆ, ಬಿಳಿ ಅಂಗಿಯ ಗಂಡಸೊಬ್ಬ ಕೂತು ದೂರದ ತೆಂಗಿನಮರವೊಂದನ್ನೇ ದಿಟ್ಟಿಸುತ್ತಿದ್ದ.

"ಬಿದ್ರಾ?" ಎಂದಳು ಮಾದೇವಿ.

"ಇಲ್ಲ. ಇಳಿದೆ."

"ನಮ್ಮ ಬದಿಗೆ ಹೀಗೆ ಇಳಿಯೂದಿಲ್ಲ. ಕಾಲು ಮೊದಲು ಇಡ್ತ್ರು."

ಅವನು ಮರದಿಂದ ಕಣ್ಣು ಕೀಳದೆ ನಕ್ಕ. ತನ್ನನ್ನು ನೋಡದೆ ನಗುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಸೊಕ್ಕು ಇರಬೇಕು ಅಂದುಕೊಂಡಳು.

ಅರವತ್ಮೂರರ ದೀಪಾವಳಿ ಆಗಷ್ಟೇ ಕಳೆದಿತ್ತು. ಮಾದೇವಿ ಕಾಸರಕೋಡಿನ ದುರ್ಗ ಅಂಬಿಗನ ಮಗಳು. ದಿನಾ ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಶರಾವತಿ ದಾಟಿ, ಹೊನ್ನಾವರದಿಂದ ಕರ್ಕಿ ಶಾಲೆಗೆ ಪಾಠ ಹೇಳಲು ನಡೆದೇ ಹೋಗುವಳು. ಮಕ್ಕಳಿಗೆ ಅವಳು ಮಾದೇವಿ ಅಕ್ಕೋರು.

ಗದ್ದೆಯಲ್ಲಿ ಕೂತವನು ಹಳದೀಪುರದ ಸುಬ್ರಾಯ ಹೆಗಡೆ. ಧಾರವಾಡದ ಕಾಲೇಜಿನಲ್ಲಿ ಸೈಕಲ್ ರೇಸುಗಳನ್ನು ಗೆದ್ದವನು. ಆಮೇಲೆ ಎದೆಯ ಕಾಯಿಲೆ ಬಂತು. ಊರು ಬಿಟ್ಟು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಸೂಜಿ ಚುಚ್ಚಿಸಿಕೊಂಡ. ಔಷಧ ಎದೆಯನ್ನು ಉಳಿಸಿತು, ಕಿವಿಯೊಳಗಿನ ಯಾವುದೋ ತಕ್ಕಡಿಯನ್ನು ಮುರಿಯಿತು.

"ಕಣ್ಣು ಮುಚ್ಚಿದ್ರೆ ಕಡಿದ ಬಾಳೆಗಿಡದ ಹಾಂಗೆ ಬೀಳ್ತೆ," ಎಂದ ಅವನು. "ತಲೆ ವಾಲಿಸಿದ್ರೆ ಲೋಕವೇ ವಾಲ್ತದೆ. ಏನಾದ್ರೂ ದೂರದ್ದೊಂದು ಕಣ್ಣಲ್ಲಿ ಹಿಡ್ಕಂಡಿದ್ರೆ ಸರಿ ಇರ್ತೆ. ಈಗ ಆ ಮರ ಹಿಡ್ಕಂಡಿದ್ದೆ. ಸಿಟ್ಟು ಮಾಡ್ಕಬೇಡಿ, ಮೋರೆ ನೋಡಿ ಮಾತಾಡ್ಲಿಲ್ಲ ಹೇಳಿ."

ಹಾಗಾದರೆ ಸೊಕ್ಕಲ್ಲ. ಮಾದೇವಿ ಗದ್ದೆಗಿಳಿದು ಗಾಡಿಗೆ ಕೈಹಾಕಿದಳು. ಎತ್ತಿದರೆ ಹೂವಿನ ಬುಟ್ಟಿಯಷ್ಟೇ ಹಗುರ. ಟಗರಿನ ಕೋಡಿನಂತೆ ಕೆಳಗೆ ಬಾಗಿದ ಹ್ಯಾಂಡಲ್ಲು, ಬೆರಳಿನಷ್ಟು ತೆಳ್ಳಗಿನ ಟಯರು.

"ಮಕ್ಕಳದ್ದಲ್ದಾ ಇದು?"

"ಅಲ್ಲ. ಇಂಗ್ಲೆಂಡಿನಲ್ಲಿ ದೊಡ್ಡವರು ಇದರಲ್ಲಿ ರೇಸು ಓಡ್ತ್ರು."

"ದೊಡ್ಡವರು ಅಂದ್ರೆ? ಮೀಸೆ ಬಂದವರಾ?"

"ಮೀಸೆ ನರೆತವರೂ."

ಇಂಗ್ಲೆಂಡಿಗೆ ಮರಳಿದ ಬಿಳಿ ದೊರೆಯೊಬ್ಬ ಬೊಂಬಾಯಿಯಲ್ಲಿ ಬಿಟ್ಟುಹೋದದ್ದು. ಅಲ್ಲಿ ಸೈಕಲ್ಲಂಗಡಿ ಇಟ್ಟಿದ್ದ ಭಟ್ಕಳದ ಸಾಹೇಬರೊಬ್ಬರು ಸಾಮಾನಿನ ಜೊತೆ ಊರಿಗೆ ತಂದಿದ್ದರು. ಸುಬ್ರಾಯ ಅದನ್ನು ಭಟ್ಕಳದಲ್ಲಿ ಕಂಡವನೇ ಊಟ ಬಿಟ್ಟ, ಅಪ್ಪ ಅದನ್ನು ಕೊಡಿಸುವವರೆಗೆ ಅನ್ನ ಮುಟ್ಟಲಿಲ್ಲ. ಈಗ ಹಳದೀಪುರದಿಂದ ಹೊನ್ನಾವರದವರೆಗೆ ಜನ ಅವನನ್ನು ಮೂರ್ಗಾಲಿ ಹೆಗಡೆ ಎಂದು ಕರೆಯುತ್ತಿದ್ದರು.

"ನೆಟ್ಟಗಿನ ದಾರಿಯಲ್ಲಿ ಇದು ಹಕ್ಕಿ," ಎಂದ. "ತಿರುವಿನಲ್ಲಿ ಮಾತ್ರ ಹೊರಗೆ ಒಗೀತದೆ. ಓಡಿಸೋನು ಒಳಬದಿಗೆ ಮೈ ಚೆಲ್ಲಬೇಕು. ನಾನು ಚೆಲ್ಲಿದ್ರೆ ತಲೆ ಸುತ್ತು."

"ಹಾಯಿ ದೋಣಿಯೂ ಹಾಂಗೇ ಅಲ್ದಾ? ಗಾಳಿ ಒತ್ತಿದಾಗ ಯಾರಾದ್ರೂ ಒಬ್ಬರು ಎದುರಿನ ಬದಿಗೆ ಹೋಗಿ ಅಂಚಿನ ಮೇಲೆ ಕೂತ್ಕಳ್ಬೇಕು. ಚುಕ್ಕಾಣಿ ಹಿಡಿದವನು ಏಳೂದಿಲ್ಲ. ನಿಮಗೂ ಬೇರೆಯವರು ವಾಲ್ಬೇಕು, ಅಷ್ಟೇ."

ತಮಾಷೆಗೆ ಅಂದು ಶಾಲೆಯ ಕಡೆ ನಡೆದಳು. ಆ ವಾರವೇ ಒಂದು ಬೆಳಿಗ್ಗೆ ಅವನು ಹೊನ್ನಾವರದ ಕೊನೆಯ ಮನೆ ದಾಟಿದಲ್ಲಿ ಕಾದು ನಿಂತಿದ್ದ. ಹಿಂದಿನ ಎರಡು ಗಾಲಿಗಳ ನಡುವೆ, ಅಚ್ಚಿನ ಮೇಲಿನ ಕೊಳವೆಗೆ, ಒಂದು ಹಲಗೆ ಕಟ್ಟಿತ್ತು.

"ಇದೆಂತದು?"

"ವಾಲುವವರಿಗೆ ನಿಲ್ಲಲಿಕ್ಕೆ."

"ಯಾರು ವಾಲೂದು?"

"ಹೇಳಿದವರು."

ಮಾದೇವಿ ರಸ್ತೆಯ ಆಚೆ ಈಚೆ ನೋಡಿದಳು. ಒಂದು ಎಮ್ಮೆ ಬಿಟ್ಟರೆ ಯಾರೂ ಇಲ್ಲ. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು.

*

ಅವನ ಬೆನ್ನನ್ನು ಅವಳು ಬಾಯಿಪಾಠ ಮಾಡಿದ್ದು ಹಾಗೆ.

ಬಲಗಿವಿಯ ಹಿಂದೆ ಒಂದು ಮಚ್ಚೆ. ಮೊದಲ ಮೈಲಿಯಲ್ಲಿ ಅಂಗಿ ಒಣಗಿರುವುದು, ಎರಡನೆಯದರಲ್ಲಿ ಬೆನ್ನಹುರಿಯ ಉದ್ದಕ್ಕೂ ಒಂದು ಒದ್ದೆ ಗೆರೆ. ತಿರುವು ಬರುವ ಮೊದಲು ಅವನು ಆ ಬದಿಯ ಮೊಣಕೈಯನ್ನು ಒಂದಿಷ್ಟು ಎತ್ತುತ್ತಿದ್ದ. ಅಷ್ಟೇ ಸನ್ನೆ. ಅವಳು ಅವನ ಹೆಗಲನ್ನು ಒಂದು ಕೈಯಲ್ಲಿ ಹಿಡಿದು ಇಡೀ ಮೈಯನ್ನು ಗಾಳಿಗೆ ಚೆಲ್ಲುತ್ತಿದ್ದಳು, ಜಡೆ ನೆಲದ ಧೂಳು ಗುಡಿಸುವಷ್ಟು. ಗಾಡಿ ರಸ್ತೆಗೆ ಅಂಟಿಕೊಂಡು ಸುಯ್ಯೆಂದು ತಿರುಗುತ್ತಿತ್ತು. ಕೆಲವು ದಿನಗಳಲ್ಲಿ ಅವನು ಬ್ರೇಕು ಹಿಡಿಯುವುದನ್ನೇ ಬಿಟ್ಟ. ಇನ್ನು ಕೆಲವು ದಿನಗಳಲ್ಲಿ, ಮೊಣಕೈ ಎತ್ತುವ ಮೊದಲೇ ಅವಳು ವಾಲಿರುತ್ತಿದ್ದಳು.

ಮೋರೆಗಿಂತ ಬೆನ್ನು ಕಡಿಮೆ ಸುಳ್ಳು ಹೇಳುತ್ತದೆ ಎಂದು ಆಗ ಅವಳು ನಂಬಿದ್ದಳು.

ಒಂದು ಬೆಳಿಗ್ಗೆ ಹ್ಯಾಂಡಲ್ಲಿಗೆ ಪುಟ್ಟ ಕನ್ನಡಿ ಬಂದಿತ್ತು.

"ಇದು ಎಂತಕೆ?"

"ಹಿಂದಿನಿಂದ ಲಾರಿ ಬಂದ್ರೆ ಕಾಣಲಿಕ್ಕೆ."

ಹಲಗೆ ಹತ್ತಿ ನೋಡಿದರೆ ಕನ್ನಡಿಯಲ್ಲಿ ರಸ್ತೆಯಿಲ್ಲ, ಲಾರಿಯಿಲ್ಲ. ಅವಳ ಕಣ್ಣು, ಹಣೆಯ ಕುಂಕುಮ, ಗಾಳಿಗೆ ಬಾಯಿಗೆ ಸಿಕ್ಕಿದ ಒಂದೆಳೆ ಕೂದಲು.

"ಲಾರಿ ಇಷ್ಟು ಎತ್ತರದಲ್ಲಿ ಬತ್ತದ್ಯಾ, ಹೆಗಡೇರೆ?"

"ಕೆಲವು ಲಾರಿ ಬತ್ತವೆ."

"ಆ ಲಾರಿಗೆ ಹಾರ್ನ್ ಅದೆ, ನೆನಪಿರಲಿ," ಎಂದು ಅವನ ಕಿವಿ ಹಿಂಡಿದಳು. ಕಿವಿ ಕೆಂಪಾಯಿತು. ಹಿಂಡಿದ್ದಕ್ಕಲ್ಲ. ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿ, ನಾಚಿ ರಸ್ತೆಗೆ ಓಡಿ, ಮತ್ತೆ ಮೆಲ್ಲಗೆ ವಾಪಸು ಬಂತು.

ಗಾಡಿ ಓಡಿಸಲು ಅವನಿಗೆ ಬೆಳಕು ಬೇಕು. ಕತ್ತಲೆಯಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಮರ ಸಿಗುವುದಿಲ್ಲ. ಅವಳ ಜೊತೆಗಿರಲು ಮಾತ್ರ ಕತ್ತಲೆಯೇ ಬೇಕಿತ್ತು. ಎರಡರ ನಡುವೆ ದಿನಕ್ಕೆ ಸಿಗುತ್ತಿದ್ದದ್ದು ಸೂರ್ಯ ಎದ್ದು ಊರು ಏಳುವುದರೊಳಗಿನ ಒಂದು ತುಂಡು. ಶಾಲೆಯ ಹೆಂಚು ಕಾಣುವ ಮೊದಲೇ, ಆ ತಿರುವು ದಾಟಿದಲ್ಲಿ ಅವನು ನಿಲ್ಲಿಸುವನು. ಅವಳು ಇಳಿದು, ಸೀರೆ ಕೊಡವಿ, ಅಕ್ಕೋರಾಗಿ ನಡೆಯುವಳು. ಅವನು ಗುರುತಿಲ್ಲದವನಂತೆ ಮುಂದೆ ಹೋಗುವನು.

"ಎಂದೂ ಹೀಗೇ ಇಳಿಸ್ತೇ ಇರೂದಾ?" ಎಂದು ಒಮ್ಮೆ ಕೇಳಿದಳು.

ಸುಬ್ರಾಯ ಹ್ಯಾಂಡಲ್ಲಿನ ತುದಿಯನ್ನು ಬೆರಳಿನಿಂದ ಉಜ್ಜಿದ. "ಜನವರಿ ಇಪ್ಪತ್ತಾರಕ್ಕೆ ಹೊನ್ನಾವರದಿಂದ ಕುಮಟೆಗೆ ಸೈಕಲ್ ರೇಸು ಇಟ್ಟಿದ್ರು. ಮೂರು ಗಾಲಿಗೂ ಅಡ್ಡಿಲ್ಲ ಅಂದ್ರು, ನಗ್ತಾ ಅಂದ್ರು. ಅದೊಂದು ಗೆದ್ರೆ ನಾನು ರೋಗಿ ಅಲ್ಲ ಅಂತ ಆಗ್ತದೆ. ರೋಗಿ ಅಲ್ಲದವನ ಮಾತಿಗೆ ಮನೆಯಲ್ಲಿ ಬೆಲೆ ಇರ್ತದೆ. ಆಗ ಅಪ್ಪಯ್ಯನಿಗೆ ನಿನ್ನ ವಿಷಯ ಹೇಳ್ತೆ."

"ಎಂತ ಹೇಳ್ತ್ರಿ?"

"ಅಂಬಿಗರ ಹುಡುಗಿಯನ್ನೇ ಮದುವೆ ಆಗ್ತೆ ಹೇಳಿ."

ಸಾಲು ಸಣ್ಣದು. ಆದರೆ ಅದನ್ನು ಹೇಳುವಾಗ ಅವನು ಮರವನ್ನೂ ಹಿಡಿಯದೆ, ಕನ್ನಡಿಯನ್ನೂ ನೋಡದೆ, ತಲೆ ತಿರುಗಿಸಿ ಅವಳ ಮೋರೆಯನ್ನೇ ನೋಡಿದ. ಲೋಕ ವಾಲಿರಬೇಕು, ಸೀಟಿನಿಂದ ಜಾರಿದ. ಮಾದೇವಿ ಎರಡೂ ಕೈಗಳಿಂದ ಅವನನ್ನು ಹಿಡಿದುಕೊಂಡಳು.

ಆ ವಾರ ಇಲಾಖೆಯವರು ಭಟ್ಕಳದ ಕನ್ಯಾಶಾಲೆಗೆ ಹೋಗುತ್ತೀರಾ ಎಂದು ಕೇಳಿದಾಗ, ಅಲ್ಲಿ ಬಾಡಿಗೆಗೆ ಕೋಣೆಯೂ ಮುಖ್ಯ ಅಕ್ಕೋರ ಕುರ್ಚಿಯೂ ಇದೆ ಎಂದಾಗ, ಮಾದೇವಿ ಬೇಡ ಎಂದಳು.

*

ಲಾಂಚಿನಲ್ಲಿ ಸುದ್ದಿ ಹೇಳಿದವಳು ಹನುಮಕ್ಕ. ಕಾಸರಕೋಡಿನ ಒಣಮೀನನ್ನು ಹೊನ್ನಾವರದ ಪೇಟೆಗೆ ಹೊರುವವಳು; ಬುಟ್ಟಿಯ ಜೊತೆ ಹೊಳೆಯ ಎರಡೂ ದಡದ ಸುದ್ದಿಯನ್ನು ಹೊರುವವಳೂ ಅವಳೇ.

"ಮೂರ್ಗಾಲಿ ಹೆಗಡೆಗೆ ಹೆಣ್ಣು ಗೊತ್ತಾಗ್ತದಂತಲ್ಲೆ," ಎಂದಳು, ಎಲೆಗೆ ಸುಣ್ಣ ಬಳಿಯುತ್ತ. "ಸಿದ್ದಾಪುರದ ಬದಿಯವರು. ಹುಡುಗನ ಎದೆ ಗಟ್ಟಿ ಅದ್ಯೋ ಇಲ್ಯೋ ಹೇಳಿ ಅವರಿಗೆ ಅನುಮಾನ. ಅದಕ್ಕೆ ಅವನಪ್ಪ ರೇಸಿನ ದಿನವೇ ಕುಮಟೆಗೆ ಬನ್ನಿ, ಕಣ್ಣಾರೆ ಕಂಡ್ಕಳ್ಳಿ ಅಂದಿದ್ನಂತೆ. ಎತ್ತು ಕೊಳ್ಳೋರಿಗೆ ಉತ್ತು ತೋರಿಸ್ತ್ರಲ್ಲ, ಹಾಂಗೆ."

ಮಾದೇವಿ ಹೊಳೆಯ ನೀರು ನೋಡಿದಳು. ಹನುಮಕ್ಕ ಅವಳನ್ನು ನೋಡಿದಳು.

ಆ ಬೆಳಿಗ್ಗೆ ಮಾದೇವಿ ಹಲಗೆ ಹತ್ತದೆ ನಿಂತು ಸುಬ್ರಾಯನನ್ನು ಕೇಳಿದಳು. "ಹೌದಾ?"

"ಬತ್ತ್ರು. ನಾನು ಕರೆದದ್ದಲ್ಲ."

"ರೇಸಿಗೆ ನಾನು ಹಿಂದೆ ನಿಂತು ಬತ್ತೆ. ತಿರುವಿನಲ್ಲಿ ನಿಮಗೆ ನಾನು ಬೇಕು."

"ಎಂತ ಹುಚ್ಚು ಮಾತು ಮಾರಾಯ್ತಿ! ಇಡೀ ತಾಲೂಕು ಸೇರಿರ್ತದೆ."

"ಸೇರಿರಲಿ. ಅಪ್ಪಯ್ಯನಿಗೆ ಬೇರೆ ಹೇಳೂದೇ ಬೇಡ. ಕಂಡ್ಕಳ್ತ್ರು."

"ಗೆದ್ದ ಮೇಲೆ ಹೇಳ್ತೆ ಅಂದೆನಲ್ಲ. ತಿರುವಿನಲ್ಲಿ ಬ್ರೇಕು ಹಿಡಿದು ನಿಧಾನ ಹೋಗ್ತೆ, ನೆಟ್ಟಗಿನಲ್ಲಿ ಹಿಡೀತೆ. ಒಬ್ಬನೇ ಆಗ್ತದೆ."

ಅವನು ಬಗ್ಗಿ ಹಲಗೆಯ ಹಗ್ಗ ಬಿಚ್ಚತೊಡಗಿದ. ಅಭ್ಯಾಸಕ್ಕೆ ಹಗುರ ಇರಲಿ ಎಂದ. ಗಂಟು ಬಿಗಿಯಾಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅವಳು ಸಹಾಯ ಮಾಡಲಿಲ್ಲ, ಹೋಗಲೂ ಇಲ್ಲ.

*

ಗಣರಾಜ್ಯೋತ್ಸವದ ದಿನ ಮುಖ್ಯ ಮಾಸ್ತರರು ಮಕ್ಕಳನ್ನೆಲ್ಲ ತಿರುವಿನಲ್ಲಿ ಸಾಲಾಗಿ ನಿಲ್ಲಿಸಿದರು. ಪ್ರತಿಯೊಬ್ಬರ ಕೈಯಲ್ಲೂ ಕಾಗದದ ಬಾವುಟ. ಸಾಲಿನ ತುದಿಯಲ್ಲಿ ಮಾದೇವಿ.

ಮೊದಲು ಧೂಳು ಕಂಡಿತು. ಆಮೇಲೆ ಭಟ್ಕಳದ ಪಾಂಡು, ಸೈಕಲ್ಲಿನ ಮೇಲೆ ಕಪ್ಪೆಯಂತೆ ಬಗ್ಗಿಕೊಂಡು. ಅವನ ಬೆನ್ನಿಗೇ ಮೂರ್ಗಾಲಿ. ಉಳಿದವರು ಎಲ್ಲೋ ಹಿಂದೆ. ನಗಲು ಬಂದಿದ್ದ ಜನ ನಗುವುದನ್ನು ಮರೆತು ಕೂಗಿದರು, "ಹೊಡಿ ಹೆಗಡೇ, ಹೊಡಿ!"

ಮಾದೇವಿಯೂ ಕೂಗಿದಳು. ಅವನು ಗೆಲ್ಲಲಿ. ಗೆದ್ದರೆ ಹೇಳುತ್ತಾನೆ. ಕಾಲಬೆರಳು ಚಪ್ಪಲಿಯೊಳಗೆ ಮುರುಟಿಕೊಂಡವು. ಬ್ರೇಕು ಹಿಡಿ, ಈಗ ಹಿಡಿ.

ಅವನು ಹಿಡಿಯಲಿಲ್ಲ. ಇಳಿಜಾರಿನಲ್ಲಿ ಅದೇ ವೇಗದಲ್ಲಿ ಬಂದ. ಅವಳಿದ್ದ ಬೆಳಗುಗಳ ವೇಗ. ಕಣ್ಣು ದೂರದ ಮರದ ಮೇಲೆ. ತಿರುವಿನ ಬಾಯಲ್ಲಿ ಎಡ ಮೊಣಕೈಯನ್ನು ಒಂದಿಷ್ಟು ಎತ್ತಿದ.

ಇನ್ನೂರು ಜನ ನೋಡುತ್ತಿದ್ದರು. ಆ ಸನ್ನೆ ಒಬ್ಬಳಿಗೇ ತಿಳಿಯಿತು. ಸಾಲಿನ ತುದಿಯಲ್ಲಿ, ಬರಿ ನೆಲದ ಮೇಲೆ ನಿಂತಲ್ಲೇ, ಮಾದೇವಿ ಎಡಕ್ಕೆ ವಾಲಿದಳು.

ಒಳಗಿನ ಗಾಲಿ ಎದ್ದಿತು. ಗಾಡಿ ಅವನನ್ನು ಹೊರಗೆ ಒಗೆದು, ಅವನ ಮೇಲೇ ಉರುಳಿ ಹೋಯಿತು.

ಮೊದಲು ಓಡಿದವಳು ಅವಳೇ. ಕೆಂಪು ಧೂಳಿನಲ್ಲಿ ಮಂಡಿಯೂರಿ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಹೆಗಲ ಎಲುಬು ಚರ್ಮದಡಿ ಕೋಲಿನಂತೆ ಎದ್ದಿತ್ತು. ಅವನು ಕಣ್ಣು ತೆರೆದ. ಮೊದಲ ಕ್ಷಣ ಆ ಕಣ್ಣಿನಲ್ಲಿ ಎಲ್ಲವೂ ಇತ್ತು, ಮೂರು ತಿಂಗಳ ಬೆಳಗುಗಳೆಲ್ಲ. ಆಮೇಲೆ ಅವಳ ಸುತ್ತ ಜನ ಕಂಡರು. ಹಳದೀಪುರದವರು, ನೆಂಟರು, ಅಂಗಡಿಯವರು.

"ಯಾರು... ಶಾಲೆಯ ಅಕ್ಕೋರಾ?" ಎಂದ. "ಸ್ವಲ್ಪ ನೀರು ತರ್ಸಿ ಅಕ್ಕೋರೆ. ಉಪಕಾರ ಆಗ್ತದೆ."

ಮಾದೇವಿ ಅವನ ತಲೆಯನ್ನು ಮೆತ್ತಗೆ ನೆಲಕ್ಕೆ ಇಳಿಸಿದಳು. ನೀರು ತರಿಸಿದಳು. ಆಮೇಲೆ ಮಕ್ಕಳನ್ನು ಸಾಲು ಮಾಡಿ ಶಾಲೆಗೆ ಕರೆದುಕೊಂಡು ಹೋದಳು. ತಿರುವಿನಲ್ಲಿ ಹರಡಿದ್ದ ಜಲ್ಲಿಯದೇ ತಪ್ಪು ಎಂದು ಜನ ಮಾತಾಡಿಕೊಂಡರು.

*

ಫೆಬ್ರವರಿಯ ಕೊನೆಗೆ ಅವನು ರಸ್ತೆಬದಿಯಲ್ಲಿ ನಿಂತಿದ್ದ. ಕೈ ಕೊರಳಿಗೆ ಕಟ್ಟಿತ್ತು, ಗಾಡಿ ಇರಲಿಲ್ಲ.

"ಸಿದ್ದಾಪುರದವರು ಬೇಡ ಅಂದ್ರು," ಎಂದ.

"ಬೇಜಾರಾತಾ?"

"ಮಾದೇವಿ, ಹಾಂಗೆಲ್ಲ ಕೊಯ್ಯಬೇಡ. ಆ ತಿರುವಿನಲ್ಲಿ ನೀನು ಹಿಂದೆ ಇದ್ದಿ ಅಂತಲೇ ಹೋದೆ. ನನ್ನ ಮೈಗೆ ನೀನು ಇಲ್ಲ ಅಂತ ಗೊತ್ತೇ ಆಗ್ಲಿಲ್ಲ."

"ಮೊಣಕೈ ಎತ್ತಿದ್ದು ಕಂಡೆ."

ಅವನು ಆಡಿದಷ್ಟು ಸುಂದರವಾದ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮುಂದೆ ಯಾರಾದರೂ ಹೇಳುವರೆಂಬ ನಂಬಿಕೆಯೂ ಇರಲಿಲ್ಲ. ಒಳಗೆ ಎದ್ದದ್ದು ಸಂತೋಷವೋ ಸಿಟ್ಟೋ ತಿಳಿಯದೆ, ಸಿಟ್ಟೆಂದೇ ಇಟ್ಟುಕೊಂಡಳು.

"ನಿಮ್ಮ ಮೈಗೆ ಗೊತ್ತದೆ. ಬಾಯಿಗೆ ಗೊತ್ತಿಲ್ಲ. ನೀರು ತರ್ಸಿ ಅಕ್ಕೋರೆ ಅಂದದ್ದು ಆ ಬಾಯೇ."

ಅವನು ತಲೆ ತಗ್ಗಿಸಿ ತೂರಾಡಿದ. ಕಂಬ ಹಿಡಿದುಕೊಂಡ. "ಎಂತ ಮಾಡ್ಲಿ, ಹೇಳು."

"ಒಂದೇ ಒಂದು. ಹೆಗಲು ನೆಟ್ಟಗಾದ ಮೇಲೆ, ಸಂತೆಯ ದಿನ, ಹೊನ್ನಾವರದ ಪೇಟೆಯೊಳಗೆ ನನ್ನನ್ನು ಹಿಂದೆ ನಿಲ್ಲಿಸ್ಕಂಡು ಗಾಡಿ ಓಡ್ಸಿ. ಬಸ್ ಸ್ಟ್ಯಾಂಡಿನಿಂದ ಬಂದರಿನವರೆಗೆ. ನನ್ನ ಅಪ್ಪ ದೋಣಿ ಕಟ್ಟೋ ಜಾಗದವರೆಗೆ. ಮತ್ತೆಂತದೂ ಹೇಳೂದು ಬೇಡ, ಜನರೇ ಹೇಳ್ಕಳ್ತ್ರು."

"ಆತು," ಎಂದ ಸುಬ್ರಾಯ. ಕೊರಳಿನ ಕಟ್ಟು ಸರಿಮಾಡಿಕೊಂಡು ಇನ್ನೊಮ್ಮೆ, "ಆತು."

ಭಟ್ಕಳದ ಕುರ್ಚಿ ಇನ್ನೂ ಖಾಲಿ ಇತ್ತು. ಇಲಾಖೆಯವರು ಮತ್ತೊಮ್ಮೆ ಕೇಳಿದ್ದರು. ಮಾದೇವಿ ಇನ್ನೂ ಕೆಲವು ದಿನ ಕೊಡಿ ಎಂದಳು. ದುರ್ಗ ದೋಣಿಯ ಹುಟ್ಟು ಒರೆಸುತ್ತ ಕೇಳಿದ, "ಎಂತಕೆ ಕಾಯ್ತೆ ಮಗಳೆ?" ಅವಳು, "ಸಂತೆಗೆ" ಎಂದಳು. ಅವನಿಗೆ ನಗು ಬಂತು. ಸಂತೆಗೆ ಕಾಯುವ ವಯಸ್ಸೇ ಇದು ಎಂದ.

*

ಏಪ್ರಿಲ್ಲಿನ ಆ ಸಂತೆಯ ದಿನ ಅವಳು ನೀಲಿ ಸೀರೆ ಉಟ್ಟು ಬಸ್ ಸ್ಟ್ಯಾಂಡಿನ ಎದುರು ನಿಂತಳು. ಮಾವಿನಮಿಡಿ, ಬೆಲ್ಲ, ಚಾಪೆಗಳ ನಡುವೆ ಜನ ಹೆಗಲಿಗೆ ಹೆಗಲು ತಾಗಿಸಿ ಹೋಗುತ್ತಿದ್ದರು.

ಬಂದ. ಹಗಲಿನಲ್ಲಿ, ಎಲ್ಲರೆದುರು, ಅವಳನ್ನೇ ಹುಡುಕುತ್ತ ಬಂದ. ಮಾದೇವಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವನು ಹತ್ತಿರ ಬಂದು ನಿಲ್ಲಿಸಿದಾಗ ಗಾಡಿಯ ಹಿಂಭಾಗ ಕಂಡಿತು.

ಎರಡು ಗಾಲಿಗಳ ನಡುವೆ, ಹಲಗೆ ಇದ್ದಲ್ಲಿ, ಹೊಸ ತಗಡಿನ ಪೆಟ್ಟಿಗೆ. ಕಬ್ಬಿಣದ ಪಟ್ಟಿ ಹಾಕಿ ಅಚ್ಚಿನ ಕೊಳವೆಗೆ ಬೆಸೆದಿತ್ತು. ಒಳಗೆ ತೆಂಗಿನೆಣ್ಣೆಯ ಡಬ್ಬಿಗಳು.

"ಅಪ್ಪಯ್ಯ ಹಾಕ್ಸಿದ," ಎಂದ ಸುಬ್ರಾಯ, ಅವಳ ಕಣ್ಣು ಹೋದದ್ದನ್ನು ಕಂಡು. "'ತಮಾ, ಇನ್ನು ರೇಸೂ ಇಲ್ಲೆ, ಗೀಸೂ ಇಲ್ಲೆ. ಅಂಗಡಿಗೆ ಎಣ್ಣೆ ಹಾಕಲಾದ್ರೂ ಬತ್ತು' ಅಂದ. ಒಳ್ಳೇದೇ ಆತು. ಭಾರ ಇದ್ರೆ ಎಂತಾ ತಿರುವಿನಲ್ಲೂ ಗಾಲಿ ಏಳೂದಿಲ್ಲ, ಗೊತ್ತದ್ಯಾ? ಯಾರೂ ವಾಲಲೇ ಬೇಡ."

ಅವನು ಅದನ್ನು ಖುಷಿಯಿಂದ ಹೇಳಿದ. ಅವಳ ಕಷ್ಟವೊಂದನ್ನು ತಪ್ಪಿಸಿದವನಂತೆ.

"ಮತ್ತೆ ನಾನು?"

"ಪೆಟ್ಟಿಗೆ ಮೇಲೆ ಕೂತ್ಕ. ಗಟ್ಟಿ ಅದೆ." ದನಿ ತಗ್ಗಿಸಿದ. "ಬಂದರಿನವರೆಗೂ ಬಿಡ್ತೆ, ಹೇಳಿದ ಹಾಂಗೆ. ಯಾರಾದ್ರೂ ಕೇಳಿದ್ರೆ ಎಣ್ಣೆ ಅಂಗಡಿಗೆ ಡಬ್ಬಿ ಕೊಡಲಿಕ್ಕೆ ಜೊತೆಗೆ ಬಂದವಳು ಅಂದ್ರಾತು."

ಮಾದೇವಿ ಅವನ ಮೋರೆಯನ್ನು ನೋಡಿದಳು. ಒಳ್ಳೆಯ ಮೋರೆ. ಕೆಟ್ಟತನದ ಒಂದು ಗೆರೆಯೂ ಇಲ್ಲ. ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು. ತಾನು ಮಾತು ಉಳಿಸಿಕೊಂಡೆ ಎಂದೇ ಅವನು ನಂಬಿದ್ದ.

"ಹೆಗಲು ನೋಯ್ತದ್ಯಾ?" ಎಂದು ಕೇಳಿದಳು.

"ಮಳೆ ಬಂದ್ರೆ ನೋಯ್ತದಂತೆ. ಬೇಗ ಹತ್ತು, ಜನ ನೋಡ್ತಿದ್ರು."

"ನೀವು ಹೋಗಿ. ಎಣ್ಣೆ ಬಿಸಿಲಿಗೆ ಕಾಯ್ತದೆ. ನಾನು ನಡೀತೆ."

ನಡೆದಳು. ಹಿಂದಿನಿಂದ ಗಾಡಿ ಅವಳ ನಡಿಗೆಯ ವೇಗದಲ್ಲಿ ಸ್ವಲ್ಪ ದೂರ ಬಂತು. "ಮಾದೇವಿ," ಎಂದು ಪಿಸುದನಿಯಲ್ಲಿ ಕರೆದ, ಯಾರಿಗೂ ಕೇಳದ ಹಾಗೆ. ಅವಳಿಗೂ ಕೇಳದಷ್ಟು ಮೆಲ್ಲಗೆ ಆಗಿದ್ದರೆ ಒಳ್ಳೆಯದಿತ್ತು. ಬಂದರಿನ ಹತ್ತಿರ ಎಣ್ಣೆ ಅಂಗಡಿ ಬಂತು, ಗಾಡಿ ಅಲ್ಲಿ ನಿಂತಿತು.

ಲಾಂಚು ತುಂಬಿತ್ತು. ಕಾಸರಕೋಡಿನವರು, ಭಟ್ಕಳದ ಬಸ್ಸು ಹಿಡಿಯುವವರು, ಕೋಳಿ, ಮೂಟೆ. ಮಾದೇವಿ ಹನುಮಕ್ಕನ ಪಕ್ಕದಲ್ಲಿ ನಿಂತಳು. ಇಂಜಿನು ಕೆಮ್ಮಿ, ನಿಂತು, ಮತ್ತೆ ಹೊತ್ತಿಕೊಳ್ಳಲು ಒದ್ದಾಡುತ್ತಿತ್ತು. ನಾಳೆಯೇ ಭಟ್ಕಳಕ್ಕೆ ಒಪ್ಪಿಗೆ ಹೇಳಿ ಕಳಿಸಬೇಕು ಎಂದುಕೊಂಡಳು.

"ಯಾರೆ ಅದು, ನಿನ್ನ ಬೆನ್ನಿಗೇ ಪೇಟೆಯುದ್ದಕ್ಕೂ ಬಂದದ್ದು?" ಎಂದಳು ಹನುಮಕ್ಕ. ಗೊತ್ತಿದ್ದೇ ಕೇಳಿದಳು, ಅವಳ ಕಿವಿಗಷ್ಟೇ.

ಮಾದೇವಿ ದನಿ ತಗ್ಗಿಸಲಿಲ್ಲ. ತರಗತಿಯ ಕೊನೆಯ ಮಣೆಗೂ ಕೇಳುವ ಅಕ್ಕೋರ ದನಿಯಲ್ಲಿ ಹೇಳಿದಳು.

"ಹಳದೀಪುರದ ಸುಬ್ರಾಯ ಹೆಗಡೇರು. ನನ್ನನ್ನು ಮದುವೆ ಆಗ್ತೆ ಅಂದಿದ್ರು. ನಾನೂ ಆಗ್ಬೇಕು ಅಂತಿದ್ದೆ."

ಲಾಂಚಿನ ಜನರೆಲ್ಲ ಒಮ್ಮೆಗೇ ದಡದ ಕಡೆ ತಿರುಗಿದರು. ಮೂಟೆಯ ಮೇಲೆ ಕೂತಿದ್ದವನು ಎದ್ದು ನಿಂತು ನೋಡಿದ. ಅಲ್ಲಿ, ಅಂಗಡಿಯ ನೆರಳಿನಲ್ಲಿ, ಸುಬ್ರಾಯ ಪೆಟ್ಟಿಗೆಯ ಮೇಲೆ ಬಗ್ಗಿ, ತಲೆ ಸುತ್ತದ ಹಾಗೆ ಒಂದು ಕೈಯಲ್ಲಿ ಗೋಡೆ ಹಿಡಿದು, ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದ. ಅವನಿಗೆ ಕೇಳಿಸಿರಲಿಲ್ಲ.

ಇಂಜಿನು ಹೊತ್ತಿಕೊಂಡಿತು.